ಕಪ್ಪೆಯ ಕಣ್ಣಿನ ಪ್ರಯೋಗಕ್ಕೆ ಎಸ್‌ಪಿ6 ಆರ್‌ಎನ್‌ಎ ಕಿಟ್: ಎಲ್ಲಿ ಸೈ, ಎಲ್ಲಿ ದಂಡ

ಝೆನೋಪಸ್ ಕಪ್ಪೆಯ ಭ್ರೂಣಕ್ಕೆ ಚುಚ್ಚುವ ಎಂಆರ್‌ಎನ್‌ಎ (ಪ್ರೋಟೀನು ಕಟ್ಟಲು ಕೋಶ ಓದುವ ಸಂದೇಶ) ತಯಾರಿಸಲು ಎಮ್‌ಮೆಸೇಜ್ ಎಮ್‌ಮಷಿನ್ ಎಸ್‌ಪಿ6 ಕಿಟ್ ನೆಚ್ಚಬಹುದಾದ ಸರಕು; ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಎಸ್‌ಪಿ6 ಕಿಣ್ವ ಇದರಲ್ಲಿದೆ. ಪ್ಯಾಕ್ಸ್6, ಆರ್‌ಎಕ್ಸ್, ಸಿಕ್ಸ್3ರಂಥ ಪ್ರೋಟೀನುಗಳು ಯಾವ ಕೋಶಗಳು ಕಣ್ಣಾಗಬೇಕೆಂದು ಗೊತ್ತುಮಾಡುವ ಆರಂಭದ ಹಂತಕ್ಕೆ ಇದು ಹೇಳಿಮಾಡಿಸಿದಂತಿದೆ. 1999ರಲ್ಲಿ ಪ್ಯಾಕ್ಸ್6 ಆರ್‌ಎನ್‌ಎ ಒಂದನ್ನೇ ಚುಚ್ಚಿ, ಕಣ್ಣು ಇರಬಾರದ ಜಾಗದಲ್ಲಿ ಕಣ್ಣು ಮೂಡಿಸಿದ್ದರು.

ಕೆಲಸ ಸರಳ. ನಿಮ್ಮ ಜೀನ್ ಕೂರಿಸಿದ ಪಿಸಿಎಸ್2+ ಪ್ಲಾಸ್ಮಿಡ್ಡನ್ನು (ಉಂಗುರದಂಥ ಡಿಎನ್‌ಎ) ನಾಟ್1 ಕಿಣ್ವದಿಂದ ಪೂರ್ತಿ ಕತ್ತರಿಸಿ, 20 ಮೈಕ್ರೋಲೀಟರ್ ಮಿಶ್ರಣಕ್ಕೆ 1 ಮೈಕ್ರೋಗ್ರಾಂ ಹಾಕಿ. 37 ಡಿಗ್ರಿಯಲ್ಲಿ 2 ಗಂಟೆ, ಆಮೇಲೆ ಉಳಿದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ 15 ನಿಮಿಷ. ಮಿಶ್ರಣವನ್ನು ಐಸ್ ಮೇಲೆ ಕಲಸಬೇಡಿ: ಬಫರ್‌ನಲ್ಲಿ ಸ್ಪರ್ಮಿಡೀನ್ ಇದೆ, ತಣ್ಣಗಿದ್ದರೆ ಡಿಎನ್‌ಎ ಒತ್ತರಿಸಿಕೊಂಡು ಕೆಳಗೆ ಕೂರುತ್ತದೆ. ಕ್ಯಾಪ್ (ಆರ್‌ಎನ್‌ಎ ತುದಿಯನ್ನು ಕಾಯುವ ಟೊಪ್ಪಿ) ಮತ್ತು ಜಿಟಿಪಿ (ಆರ್‌ಎನ್‌ಎ ಕಟ್ಟುವ ಇಟ್ಟಿಗೆಗಳಲ್ಲೊಂದು) 4:1 ಪ್ರಮಾಣದಲ್ಲೇ ಬೆರೆತಿರುವುದರಿಂದ ಲೆಕ್ಕದ ತಲೆನೋವಿಲ್ಲ. ಆರ್‌ಎನ್‌ಎ ಬಾಳಿಕೆಗೆ ಬೇಕಾದ ಪಾಲಿ-ಎ ಬಾಲ ಜೋಡಿಸುವ ಗೋಜೂ ಬೇಡ, ಅದರ ಸಂಕೇತ ಪಿಸಿಎಸ್2+ನಲ್ಲೇ ಇದೆ.

ಎಡವುವುದು ಕೊನೆಯಲ್ಲಿ. ಆರ್‌ಎನ್‌ಎ ದ್ರಾವಣದಿಂದ ಬೇರ್ಪಡಿಸಿ ಕೆಳಗಿಳಿಸಲು ಕಿಟ್ ಜೊತೆ ಕೊಡುವುದು ಲೀಥಿಯಂ ಕ್ಲೋರೈಡ್. ಲೀಥಿಯಂ ಜಿಎಸ್‌ಕೆ3 ಪ್ರೋಟೀನನ್ನು ತಡೆಯುತ್ತದೆ. ಎಳೆಯ ಭ್ರೂಣವನ್ನು ಲೀಥಿಯಂನಲ್ಲಿ ನೆನೆಸಿದರೆ ತಲೆ, ಕಣ್ಣಿನ ಭಾಗಗಳೇ ಅತಿಯಾಗಿ ಬೆಳೆಯುತ್ತವೆ. ಕಣ್ಣನ್ನೇ ಅಳೆಯುವವರಿಗೆ ಇದಕ್ಕಿಂತ ಕೆಟ್ಟ ಕಲಬೆರಕೆ ಬೇಕೇ? ಲೀಥಿಯಂ ಹೋಗುವಂತೆ ಆರ್‌ಎನ್‌ಎಯನ್ನು 70% ಇಥೆನಾಲಿನಲ್ಲಿ ಎರಡು ಸಲ ತೊಳೆಯಿರಿ. ಹೋಲಿಕೆಗೆ ಚುಚ್ಚುವ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನು) ಕಂಟ್ರೋಲ್ ಆರ್‌ಎನ್‌ಎಯನ್ನೂ ಇದೇ ಕಿಟ್‌ನಲ್ಲಿ, ಇದೇ ರೀತಿಯಲ್ಲಿ ಮಾಡಿ. 5 ನ್ಯಾನೋಲೀಟರಿನಲ್ಲಿ 500 ಪಿಕೋಗ್ರಾಂ ಬೇಕಿದ್ದರೆ ಮೈಕ್ರೋಲೀಟರಿಗೆ 100 ನ್ಯಾನೋಗ್ರಾಂ ಆಗುವಷ್ಟು ತೆಳುಗೊಳಿಸಿ. ಎರಡು ಕೋಶದ ಹಂತದಲ್ಲಿ ಒಂದಕ್ಕೆ ಮಾತ್ರ ಚುಚ್ಚಿ, ಇನ್ನೊಂದು ಬದಿಯ ಕಣ್ಣು ಹೋಲಿಕೆಗೆ ಸಿಗುತ್ತದೆ.

ರೆಟಿನಾದೊಳಗೆ ಯಾವ ಕೋಶ ಗ್ಯಾಂಗ್ಲಿಯನ್ (ಮಿದುಳಿಗೆ ಸಂಕೇತ ಒಯ್ಯುವ ನರಕೋಶ), ಯಾವುದು ಮ್ಯೂಲರ್ ಗ್ಲಿಯಾ (ನರಕೋಶಗಳಿಗೆ ಆಸರೆಯಾಗುವ ಕೋಶ) ಆಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಈ ಕಿಟ್ ದುಡ್ಡಿಗೆ ದಂಡ. ಅಷ್ಟು ಹೊತ್ತಿಗೆ ಚುಚ್ಚಿದ ಆರ್‌ಎನ್‌ಎ ಬಹುಪಾಲು ಕರಗಿಹೋಗಿರುತ್ತದೆ. ಅದಕ್ಕೂ ಮೊದಲೇ ಎಕ್ಸ್‌ಆಥ್5ನಂಥ ಪ್ರೋಟೀನು ಬೇರೆ ಕಡೆಯ ಕೋಶಗಳನ್ನೂ ನರಕೋಶದ ದಾರಿಗೆ ತಳ್ಳಿ ಫಲಿತಾಂಶ ಕೆಡಿಸಬಹುದು. ಎಕ್ಸ್‌ಆಥ್5 ಹೆಚ್ಚಾದರೆ ಗ್ಯಾಂಗ್ಲಿಯನ್ ಕೋಶಗಳು, ಪಿ27ಝಿಕ್1 ಹೆಚ್ಚಾದರೆ ಮ್ಯೂಲರ್ ಕೋಶಗಳು ಹೆಚ್ಚುತ್ತವೆ ಎಂದು ತೋರಿಸಿದ್ದು ಕಣ್ಣಿನ ಮೊಳಕೆಗೆ ಡಿಎನ್‌ಎ ಲೈಪೋಫೆಕ್ಷನ್ (ಕೊಬ್ಬಿನ ಕಣಗಳ ಮೂಲಕ ಡಿಎನ್‌ಎಯನ್ನು ಕೋಶದೊಳಗೆ ಕಳಿಸುವ ವಿಧಾನ) ಮಾಡಿಯೇ. ಆರ್‌ಎನ್‌ಎಯೇ ಬೇಕೆನ್ನುವವರು ಪ್ರೋಟೀನಿಗೆ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕದ ತುಂಡು ಜೋಡಿಸಿ, ಬೇಕಾದ ಹಂತದಲ್ಲಿ ಡೆಕ್ಸಾಮೆಥಸೋನ್ ಔಷಧ ಹಾಕಿ, ಅಲ್ಲಿಯವರೆಗೆ ಸುಮ್ಮನಿದ್ದ ಪ್ರೋಟೀನನ್ನು ಎಬ್ಬಿಸಬಹುದು. ತೀರಾ ತಡವಾದ ಹಂತಗಳಿಗೆ ಅದೂ ಸಾಲದು.