ಎಡ ಬಂಡಲ್ ಬ್ಲಾಕ್: ಸಿಆರ್‌ಟಿಯೋ, ಲೆಫ್ಟ್ ಬಂಡಲ್ ಪೇಸಿಂಗೋ?

ಎಡ ಬಂಡಲ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಒಯ್ಯುವ ದಾರಿಯಲ್ಲಿ ತಡೆ) ಇದೆ ಎಂದ ಮಾತ್ರಕ್ಕೆ ಪೇಸ್‌ಮೇಕರ್‌ನಂಥ ಸಾಧನ ಬೇಕಿಲ್ಲ. ಕನಿಷ್ಠ 3 ತಿಂಗಳು ಸರಿಯಾಗಿ ಔಷಧ ತೆಗೆದುಕೊಂಡ ಮೇಲೂ ಹೃದಯ ವೈಫಲ್ಯದ ಲಕ್ಷಣಗಳು ಉಳಿದಿದ್ದು, ಇಜೆಕ್ಷನ್ ಫ್ರ್ಯಾಕ್ಷನ್ (ಎಡ ಹೃತ್ಕುಕ್ಷಿ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಪಾಲು) 35% ಅಥವಾ ಅದಕ್ಕಿಂತ ಕಡಿಮೆ, ಕ್ಯೂಆರ್‌ಎಸ್ ಅಗಲ (ಹೃತ್ಕುಕ್ಷಿಗಳಲ್ಲಿ ವಿದ್ಯುತ್ ಹರಡಲು ಹಿಡಿಯುವ, ಇಸಿಜಿಯಲ್ಲಿ ಕಾಣುವ ಸಮಯ) 150 ಮಿಲಿಸೆಕೆಂಡ್ ಅಥವಾ ಹೆಚ್ಚು ಇದ್ದವರಿಗೇ ಲಾಭ ಅತಿ ಸ್ಪಷ್ಟ.

ಸಿಆರ್‌ಟಿ ಎಂದರೆ ಎರಡೂ ಹೃತ್ಕುಕ್ಷಿಗಳು ಒಟ್ಟಿಗೆ ಬಡಿಯುವಂತೆ ಮಾಡುವ ಪೇಸ್‌ಮೇಕರ್ ಚಿಕಿತ್ಸೆ. ಅದರಲ್ಲಿ ಸಾಮಾನ್ಯವಾಗಿ 3 ತಂತಿ: ಬಲ ಹೃತ್ಕರ್ಣಕ್ಕೊಂದು, ಬಲ ಹೃತ್ಕುಕ್ಷಿಗೊಂದು, ಕರೋನರಿ ಸೈನಸ್ (ಹೃದಯದ ದೊಡ್ಡ ಅಭಿಧಮನಿ) ಮೂಲಕ ಎಡ ಹೃತ್ಕುಕ್ಷಿಯ ಹೊರಮೈಗೊಂದು. ಹೆಚ್ಚಿನ ತೊಂದರೆ ಈ ಮೂರನೆಯದರದ್ದೇ. ಸೂಕ್ತ ಅಭಿಧಮನಿ ಸಿಗದಿರಬಹುದು, ತಂತಿ ಜಾರಬಹುದು, ಫ್ರೆನಿಕ್ ನರ ಪ್ರಚೋದನೆಗೊಂಡು ವಪೆ (ಉಸಿರಾಟದ ಮುಖ್ಯ ಸ್ನಾಯು) ಪ್ರತಿ ಬಡಿತಕ್ಕೂ ಅದುರಬಹುದು. ಆದರೂ ಆಯುಷ್ಯ ಹೆಚ್ಚಿಸುತ್ತದೆ ಎಂದು ದೊಡ್ಡ ಯಾದೃಚ್ಛಿಕ ಪ್ರಯೋಗಗಳು (ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವವು) ತೋರಿಸಿರುವುದು ಸಿಆರ್‌ಟಿಯಲ್ಲೇ. ಆ ಸಾಕ್ಷ್ಯದ ತೂಕವನ್ನು ಕಡೆಗಣಿಸಬೇಡಿ.

2017ರಲ್ಲಿ ಮೊದಲು ವರದಿಯಾದ ಲೆಫ್ಟ್ ಬಂಡಲ್ ಪೇಸಿಂಗ್‌ನಲ್ಲಿ ತಂತಿಯನ್ನು ಬಲಗಡೆಯಿಂದ ಹೃತ್ಕುಕ್ಷಿಗಳ ನಡುಗೋಡೆಯೊಳಗೆ ತಿರುಪಿನಂತೆ ಕೊರೆದು, ಎಡ ಬಂಡಲ್‌ ಬಳಿಗೆ ಒಯ್ಯುತ್ತಾರೆ. ತಡೆಯ ಮುಂದಿನ ಭಾಗವನ್ನು ಹಿಡಿದರೆ ಸಹಜ ದಾರಿಯಲ್ಲೇ ವಿದ್ಯುತ್ ಹರಿದು ಕ್ಯೂಆರ್‌ಎಸ್ ಕಿರಿದಾಗುತ್ತದೆ. ಗೋಡೆ ತೂತಾಗುವುದು ಇಲ್ಲಿನ ಅಪಾಯ. ಗೋಡೆಯಲ್ಲಿ ಗಾಯದ ಕಲೆಯಿದ್ದರೆ ತಂತಿ ಒಳಹೋಗದಿರಬಹುದು. ತಡೆ ತೀರಾ ಕೆಳಗಿದ್ದರೆ ಪೂರ್ತಿ ಸರಿಹೋಗದು.

ಹಾಗಾಗಿ ಮೊದಲ ಆಯ್ಕೆ ಸಿಆರ್‌ಟಿಯೇ ಇರಲಿ. ಮೂರನೇ ತಂತಿ ಕೂರದಿದ್ದರೆ ಲೆಫ್ಟ್ ಬಂಡಲ್ ಒಳ್ಳೆಯ ಬದಲಿ. ಎರಡನ್ನೂ ಮಾಡಬಲ್ಲವರ ಬಳಿ ಹೋದರೆ ಚಿಕಿತ್ಸೆಯ ಮೇಜಿನ ಮೇಲಿರುವಾಗಲೇ ದಾರಿ ಬದಲಿಸಬಹುದು.