ವೇಪ್ ಕಾಯಿಲ್ ಸುತ್ತುವ ಮುಂಚೆ ಇದನ್ನು ಓದಿ: 28 ನಂಬರ್ ತಂತಿ ನನ್ನ ಕೈ ಸುಟ್ಟದ್ದು ಹೇಗೆ

ನನ್ನ ಬಲ ಅಂಗೈಯಲ್ಲಿ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ, ಒಂದು ಕಲೆ ಇದೆ. ಚಳಿಗಾಲದಲ್ಲಿ ಅಲ್ಲಿನ ಚರ್ಮ ಬಿಗಿದುಕೊಳ್ಳುತ್ತದೆ. ಸ್ಕ್ರೂಡ್ರೈವರ್ ತಿರುಗಿಸುವಾಗ ಎಳೆದು ನೋಯುತ್ತದೆ. ಕೇಳಿದವರಿಗೆಲ್ಲ ಇಷ್ಟು ದಿನ "ಡ್ಯೂಟಿಲಿ ಆಗಿದ್ದು" ಅಂತ ಹೇಳಿಕೊಂಡು ಬಂದೆ. ಅದು ಸುಳ್ಳು.

ಹೋದ ವಾರ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ಡಿಪ್ಲೊಮಾ ಓದುತ್ತಿದ್ದಾನೆ. ಮೆಲ್ಲಗೆ ಕೇಳಿದ, "ಅಣ್ಣ, ನಿಮಗೆ ವೇಪ್ ಕಾಯಿಲ್ ಸುತ್ತಕ್ಕೆ ಬರುತ್ತಂತಲ್ಲ, ಯಾವ ವಯರ್ ತಗೊಬೇಕು?" ವೇಪ್ ಅಂದರೆ ಇ-ಸಿಗರೇಟ್. ಕಾಯಿಲ್ ಅಂದರೆ ಅದರೊಳಗೆ ಕಾದು ಲಿಕ್ವಿಡ್ಡನ್ನು ಹೊಗೆ ಮಾಡುವ ತಂತಿಯ ಸುರುಳಿ. ಅವನ ಹತ್ತಿರ ಇರುವುದೂ ನಾನು ಇಟ್ಟುಕೊಂಡಿದ್ದಂಥದ್ದೇ ವೇಪ್ ಕೊಳವೆ. ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಡ್ಯ, ಮೈಸೂರಲ್ಲಿ ಇಂಥ ಹುಡುಗರು ಇನ್ನೂ ಇದ್ದಾರೆ ಅಂತ ನನಗೆ ಗೊತ್ತು.

ನಾನು ಐಟಿಐ ಎಲೆಕ್ಟ್ರಿಷಿಯನ್. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ, ಓಡಾಟ ರೈಲಿನಲ್ಲಿ. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತಿದ್ದೆ. ಬಿಡಬೇಕು ಅನ್ನುವ ಆಸೆ ನಿಜವಾಗಿಯೂ ಇತ್ತು. ದುಬೈಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ರಜೆಗೆ ಬಂದಾಗ ತನ್ನ ಹಳೆಯ ವೇಪ್ ಬಿಟ್ಟು ಹೋದ. ಹಿತ್ತಾಳೆಯ ಕೊಳವೆ, ಕೆಳಗೊಂದು ಬಟನ್, ಮೇಲೆ ನಾವೇ ಕಾಯಿಲ್ ಸುತ್ತಿ ಕೂರಿಸುವ ಅಟಮೈಸರ್, ಅಂದರೆ ಹೊಗೆ ಏಳುವ ಭಾಗ. ಒಳಗೆ ಸರ್ಕ್ಯೂಟ್ ಇಲ್ಲ, ಫ್ಯೂಸ್ ಇಲ್ಲ. ಬಟನ್ ಒತ್ತಿದರೆ ಸೆಲ್ಲಿನ ಕರೆಂಟು ನೇರ ಕಾಯಿಲ್‌ಗೆ. ಇದಕ್ಕೆ ಮೆಕಾನಿಕಲ್ ಮಾಡ್ ಅನ್ನುತ್ತಾರೆ. ಇದರಲ್ಲಿ ಕಾಯಿಲ್ ಎಷ್ಟು ಓಮ್ ಇದೆ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಓಮ್ ಅಂದರೆ ಕರೆಂಟನ್ನು ತಡೆಯುವ ರೆಸಿಸ್ಟೆನ್ಸಿನ ಅಳತೆ, ಅದು ಕಡಿಮೆಯಾದಷ್ಟೂ ಕರೆಂಟು ಜಾಸ್ತಿ ಹರಿಯುತ್ತದೆ. ತಪ್ಪಾದರೆ ತಡೆಯಲು ನಡುವೆ ಏನೂ ಇಲ್ಲ.

ಅವನು ಸುತ್ತಿಟ್ಟಿದ್ದ ಕಾಯಿಲ್ ಮೂರ್ನಾಲ್ಕು ವಾರಕ್ಕೆ ಕಪ್ಪಾಯಿತು. ಹೊಸದು ಬೇಕಾಯಿತು. ಸಮಸ್ಯೆ ಶುರುವಾಗಿದ್ದು ಅಲ್ಲಿಂದ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧವಾಗಿದೆ. 2019ರ ಸೆಪ್ಟೆಂಬರ್‌ನಲ್ಲಿ ಇಡೀ ದೇಶಕ್ಕೆ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯೂ ಆಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ 1 ವರ್ಷದ ತನಕ ಜೈಲು, ಇಲ್ಲವೇ 1 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಹಾಗಾಗಿ ಇದಕ್ಕೆ ಬೇಕಾದ ಸರಿಯಾದ ತಂತಿ, ಸರಿಯಾದ ಸೆಲ್ ಕೇಳಿ ತೆಗೆದುಕೊಳ್ಳುವ ಅಂಗಡಿ ಅಂತ ಇಲ್ಲ. ಸಿಕ್ಕಿದ್ದನ್ನು ಸಿಕ್ಕಿದ ಕಡೆಯಿಂದ ತಂದು ಜೋಡಿಸಬೇಕು. ನಾನು ಮಾಡಿದ್ದೂ ಅದೇ. ಆ ವಸ್ತುವನ್ನು ಅವತ್ತೇ ಬಿಸಾಡಬೇಕಿತ್ತು.

ಯೂಟ್ಯೂಬಿನಲ್ಲಿ ಒಬ್ಬ ಅಮೆರಿಕದವನ ವಿಡಿಯೋ ನೋಡಿದೆ. 28 ನಂಬರ್ ಕಾಂಥಾಲ್ ತಂತಿ, 3 ಮಿಲಿಮೀಟರ್ ದಪ್ಪದ ಕಡ್ಡಿಗೆ 7 ಸುತ್ತು, ಅಂಥವು ಎರಡು ಕಾಯಿಲ್. ಒಟ್ಟು ಮುಕ್ಕಾಲು ಓಮ್ ಬರುತ್ತದೆ ಅಂದ. ನಮ್ಮೂರಲ್ಲಿ ಮೋಟರ್ ವೈಂಡಿಂಗ್ ಅಂಗಡಿಗೇನು ಕಮ್ಮಿ? ನಾಲೆ ಬಯಲಿನ ಪಂಪ್‌ಸೆಟ್ಟುಗಳೆಲ್ಲ ಸುಟ್ಟು ಬರುವುದು ಅಲ್ಲಿಗೇ. ನನಗೆ ಪರಿಚಯದ ಹಿರಿಯರೊಬ್ಬರು ವೈಂಡಿಂಗ್ ಜೊತೆಗೆ ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಕೂಡ ರಿಪೇರಿ ಮಾಡುತ್ತಾರೆ.

"ಅಣ್ಣ, 28 ನಂಬರ್ ಹೀಟರ್ ವಯರ್ ಇದ್ಯಾ?"

"ಐತೆ. ಯಾತಕ್ಕೆ?"

"ಥರ್ಮಾಕೋಲ್ ಕತ್ತರಿಸಕ್ಕೆ."

ಅವರು ಎರಡು ಮಾರು ಸುತ್ತಿ ಕೊಟ್ಟರು. ದುಡ್ಡೂ ಸರಿಯಾಗಿ ತೆಗೆದುಕೊಳ್ಳಲಿಲ್ಲ.

ಇಲ್ಲಿ ಎರಡು ತಪ್ಪು ಒಟ್ಟಿಗೆ ಆದವು. ಎರಡೂ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಲನೆಯದು ನಂಬರ್. ಅಮೆರಿಕದವರ 28 ನಂಬರ್ ಬೇರೆ, ನಮ್ಮ ಅಂಗಡಿಗಳ 28 ನಂಬರ್ ಬೇರೆ. ಅವರದು ಎಡಬ್ಲ್ಯೂಜಿ ಲೆಕ್ಕ, ತಂತಿ 0.32 ಮಿ.ಮೀ. ದಪ್ಪ. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ನಡೆಯುವುದು ಎಸ್‌ಡಬ್ಲ್ಯೂಜಿ, ಬ್ರಿಟಿಷರ ಕಾಲದ ಲೆಕ್ಕ. ಅದರಲ್ಲಿ 28 ಅಂದರೆ 0.376 ಮಿ.ಮೀ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಕರೆಂಟು ಹರಿಯುವ ಜಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೆಚ್ಚುತ್ತದೆ. ರೆಸಿಸ್ಟೆನ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ.

ಎರಡನೆಯದು ಲೋಹ. ಕಾಂಥಾಲ್ ಅಂದರೆ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ್ದು. ಅವರು ಕೊಟ್ಟದ್ದು ನೈಕ್ರೋಮ್, 80 ಪಾಲು ನಿಕಲ್, 20 ಪಾಲು ಕ್ರೋಮಿಯಂ. ಹೀಟರ್ ವಯರ್ ಅಂತ ಕೇಳಿದರೆ ಎರಡರಲ್ಲಿ ಯಾವುದು ಬೇಕಾದರೂ ಸಿಗಬಹುದು. ಅವರ ತಪ್ಪಿಲ್ಲ, ನಾನು ಕೇಳಿದ್ದನ್ನೇ ಕೊಟ್ಟರು. ಒಂದೇ ದಪ್ಪ, ಒಂದೇ ಉದ್ದ ಇದ್ದರೂ ನೈಕ್ರೋಮಿನ ರೆಸಿಸ್ಟೆನ್ಸ್ ಕಾಂಥಾಲಿನ ಮುಕ್ಕಾಲು ಪಾಲು ಮಾತ್ರ. ಗುರುತಿಸುವುದು ಸುಲಭ. ಅಯಸ್ಕಾಂತ ಹಿಡಿದರೆ ಕಾಂಥಾಲ್ ಅಂಟುತ್ತದೆ, ನೈಕ್ರೋಮ್ ಅಂಟುವುದಿಲ್ಲ. ನನ್ನ ಟೂಲ್ ಬಾಕ್ಸಿನಲ್ಲೇ ಅಯಸ್ಕಾಂತ ಇತ್ತು. ಹಿಡಿದು ನೋಡಲಿಲ್ಲ.

ಲೆಕ್ಕ ಹಾಕಿದರೆ ಹೀಗೆ. ಒಂದು ಕಾಯಿಲ್‌ಗೆ ಕಾಲುಗಳೂ ಸೇರಿ ಸುಮಾರು 85 ಮಿ.ಮೀ. ತಂತಿ ಬೇಕು. ವಿಡಿಯೋದವನ ತಂತಿ ಮೀಟರಿಗೆ 18 ಓಮ್ ಹತ್ತಿರ. ಅಂದರೆ ಒಂದು ಕಾಯಿಲ್ ಒಂದೂವರೆ ಓಮ್, ಎರಡನ್ನು ಪ್ಯಾರಲಲ್ ಹಾಕಿದರೆ ಮುಕ್ಕಾಲು. ನನ್ನ ತಂತಿ ಮೀಟರಿಗೆ 10 ಓಮ್‌ಗಿಂತ ತುಸು ಕಡಿಮೆ. ಒಂದು ಕಾಯಿಲ್ 0.83 ಓಮ್, ಎರಡು ಸೇರಿ 0.42. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್ ಇರುತ್ತದೆ. ಅವನ ಕಾಯಿಲ್ ಐದೂವರೆ ಆಂಪಿಯರ್ ಎಳೆಯುತ್ತಿತ್ತು. ನನ್ನದು 10.

ಅಳೆದು ನೋಡಲಿಲ್ಲವಾ ಅಂತ ನೀವು ಕೇಳಬಹುದು. ಅಳೆದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕೂತೆ. ಡ್ರಿಲ್ ಬಿಟ್ಟಿಗೆ ಬಿಗಿಯಾಗಿ, ಸುತ್ತಿಗೆ ಸುತ್ತು ತಾಕುವ ಹಾಗೆ ತಂತಿ ಸುತ್ತಿದೆ. ಎರಡೂ ಒಂದೇ ಅಳತೆ ಬಂದವು. ಕೂರಿಸಿ, ಸ್ಕ್ರೂ ಬಿಗಿದು, ಹೆಚ್ಚಾದ ಕಾಲು ಕತ್ತರಿಸಿದೆ. ಮಲ್ಟಿಮೀಟರನ್ನು 200 ಓಮ್‌ಗೆ ತಿರುಗಿಸಿದೆ. ಒಂದು ಪ್ರೋಬನ್ನು ಅಟಮೈಸರಿನ ನಡುವಿನ ಪಿನ್ನಿಗೆ, ಇನ್ನೊಂದನ್ನು ಹೊರಗಿನ ಸ್ಕ್ರೂ ಮರೆಗೆ ಇಟ್ಟೆ. ಅಂಕಿ ಓಡಾಡಿ 0.8ಕ್ಕೆ ನಿಂತಿತು. ವಿಡಿಯೋದವನು ಹೇಳಿದ್ದು ಮುಕ್ಕಾಲು, ನನಗೆ ಬಂದಿದ್ದು 0.8. ಸರಿಯಾಗಿದೆ ಅಂತ ಖುಷಿಪಟ್ಟೆ.

ಎರಡು ಪ್ರೋಬುಗಳನ್ನು ಒಂದಕ್ಕೊಂದು ತಾಗಿಸಿ ನೋಡಿದ್ದರೆ ಅಲ್ಲೇ 0.4 ತೋರಿಸುತ್ತಿತ್ತು. ಆಮೇಲೆ ನೋಡಿದಾಗ ಅಷ್ಟೇ ತೋರಿಸಿತು. ಅದು ಮೀಟರಿನ ವಯರುಗಳದ್ದೇ ರೆಸಿಸ್ಟೆನ್ಸ್. ಸಾಧಾರಣ ಮೀಟರುಗಳಲ್ಲಿ ಇದು ಇದ್ದೇ ಇರುತ್ತದೆ. ಮನೆ ವೈರಿಂಗಿನ ಕೆಲಸದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಓಮ್‌ಗಿಂತ ಕಡಿಮೆ ಇರುವ ಕಡೆ ಅದೇ ಅರ್ಧ ಉತ್ತರ. ತಂತಿಯ ತಪ್ಪು ಓಮ್ ಇಳಿಸಿತು, ಮೀಟರಿನ ತಪ್ಪು ಹೆಚ್ಚುಕಡಿಮೆ ಅಷ್ಟನ್ನೇ ಏರಿಸಿ ತೋರಿಸಿತು. ನಾನು ನೋಡಬೇಕು ಅಂದುಕೊಂಡಿದ್ದ ಅಂಕಿಯೇ ಕಂಡಿತು. ಕಂಡದ್ದರಿಂದ ಮತ್ತೆ ಅಳೆಯಲಿಲ್ಲ.

ಇನ್ನು ಸೆಲ್. ಸತ್ತ ಲ್ಯಾಪ್‌ಟಾಪಿನ ಬ್ಯಾಟರಿ ಪ್ಯಾಕ್ ಒಡೆದು ಒಂದು 18650 ಸೆಲ್ ತೆಗೆದಿದ್ದೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಹೆಸರೇ ಅಳತೆ. ಲ್ಯಾಪ್‌ಟಾಪಿನಲ್ಲಿ ಈ ಸೆಲ್ಲುಗಳು ಹಂಚಿಕೊಂಡು, ನಿಧಾನವಾಗಿ ಕರೆಂಟು ಕೊಡುತ್ತವೆ. ಒಂದೇ ಸೆಲ್ 10 ಆಂಪಿಯರ್ ಕೊಡುವ ಕೆಲಸಕ್ಕೆ ಅವನ್ನು ಮಾಡಿರುವುದಿಲ್ಲ. ಅವನ್ನು ಕಾಯುವ ಪುಟ್ಟ ಬೋರ್ಡ್ ಇರುತ್ತದಲ್ಲ, ಅದು ಪ್ಯಾಕಿನಲ್ಲೇ ಉಳಿಯಿತು. ಜೊತೆಗೆ, ಸೆಲ್ಲಿಗೆ ಬೆಸೆದಿದ್ದ ತಗಡಿನ ಪಟ್ಟಿಯನ್ನು ಇಕ್ಕಳದಲ್ಲಿ ಕೀಳುವಾಗ ಮೇಲಂಚಿನ ಪ್ಲಾಸ್ಟಿಕ್ ಹೊದಿಕೆ ಚೂರು ಹರಿದಿತ್ತು. ಅಕ್ಕಿ ಕಾಳಿನಷ್ಟು. ನೋಡಿದ್ದೆ ಕೂಡ.

ಆ ಹೊದಿಕೆ ಅಂದಕ್ಕೆ ಹಾಕಿದ್ದಲ್ಲ. ಸೆಲ್ಲಿನ ನೆಗೆಟಿವ್ ತಳದಲ್ಲಿ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಇಡೀ ಡಬ್ಬಿ, ಮೇಲಿನ ಅಂಚಿನ ತನಕ, ನೆಗೆಟಿವ್. ನಡುವಿನ ಗುಂಡಿ ಒಂದೇ ಪಾಸಿಟಿವ್. ಈ ಹಿತ್ತಾಳೆ ಕೊಳವೆಯಲ್ಲಿ ಬಟನ್ ಒತ್ತಿದಾಗ ಮಾತ್ರ ಸೆಲ್ಲಿನ ತಳ ಕೊಳವೆಗೆ ಕೂಡಬೇಕು. ಹೊದಿಕೆ ಹರಿದ ಜಾಗ ಕೊಳವೆಯ ಗೋಡೆಗೆ ತಾಗಿದರೆ ಬಟನ್ ಒತ್ತದೆಯೇ ಕಾಯಿಲ್ ಹತ್ತಿಕೊಳ್ಳುತ್ತದೆ. ಆರಿಸುವ ದಾರಿಯೇ ಇರುವುದಿಲ್ಲ.

ಸಂಜೆ ಹತ್ತಿ ತುಂಬಿ, ಲಿಕ್ವಿಡ್ ಹಾಕಿ, ಎರಡು ಸಲ ಎಳೆದೆ. ಹೊಗೆ ಬಿಸಿ ಬಂತು, ಗಂಟಲು ಸುಟ್ಟ ಹಾಗಾಯಿತು. ಹೊಸ ಕಾಯಿಲ್ ಅಲ್ವಾ ಅಂದುಕೊಂಡೆ. ಮೇಜಿನ ಮೇಲೆ ಅಡ್ಡ ಮಲಗಿಸಿ ಕಾಫಿ ತರಲು ಅಡುಗೆಮನೆಗೆ ಹೋದೆ. ಪಕ್ಕದಲ್ಲಿ ಮಗಳ ಮಗ್ಗಿ ಪುಸ್ತಕ ಇತ್ತು. ಅವಳು ಹಾಲ್‌ನಲ್ಲಿ ಅಜ್ಜಿಯ ಜೊತೆ ಕೂತಿದ್ದಳು.

ಹತ್ತಿ ಸುಟ್ಟ ವಾಸನೆ ಬಂತು. ಬಂದು ನೋಡಿದರೆ ಅಟಮೈಸರಿನ ಬಾಯಿಂದ ಹೊಗೆ ತಾನಾಗಿಯೇ ಏಳುತ್ತಿದೆ. ಕೈಯಲ್ಲಿ ಹಿಡಿದೆ. ಕಾದ ಬಾಣಲೆಯ ಹಾಗಿತ್ತು. ಮೇಲ್ಭಾಗ ತಿರುಗಿಸಿ ಸೆಲ್ ತೆಗೆಯೋಣ ಅಂತ ಹೋದೆ. ಅದೇ ನಾನು ಮಾಡಿದ ಅತಿ ದೊಡ್ಡ ತಪ್ಪು. ಎರಡು ಸುತ್ತು ತಿರುಗುವಷ್ಟರಲ್ಲಿ ಕುಕ್ಕರ್ ಸೀಟಿಯಂಥ ಸದ್ದು, ಆಮೇಲೆ ಬೆಂಕಿಯ ನಾಲಿಗೆ. ಅಂಗೈ ಮೇಲೆಯೇ ಬಂತು. ಕೊಳವೆ ಕೆಳಗೆ ಬಿದ್ದು ನೆಲದ ಮೇಲೆ ಉರುಳಿತು. ಸಿಹಿ ವಾಸನೆಯ, ಗಂಟಲು ಹಿಡಿಯುವ ಬಿಳಿ ಹೊಗೆ ಮನೆ ತುಂಬಿತು. ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದರು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ ಅಂತ ಆಮೇಲೆ ತಿಳಿಯಿತು.

ಅಮ್ಮ ಟೂತ್‌ಪೇಸ್ಟ್ ತಂದರು. ಪಕ್ಕದ ಮನೆಯ ಅಕ್ಕ ಬೇಡ ಅಂತ ತಡೆದು, ನಲ್ಲಿ ಕೆಳಗೆ ಕೈ ಹಿಡಿಸಿದರು. ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಆಸ್ಪತ್ರೆಯಲ್ಲಿ ಡಾಕ್ಟರೂ ಅದೇ ಒಳ್ಳೆಯದಾಯಿತು ಅಂದರು. ಮೂರು ವಾರ ರಜೆ. ಮಗಳು ಆರು ತಿಂಗಳು ಆ ಮೇಜಿನ ಹತ್ತಿರ ಕೂರಲಿಲ್ಲ.

ತಂತಿ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ವೈಂಡಿಂಗ್ ಅಂಗಡಿಯ ತಾಮ್ರದ ತಂತಿಯೇ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟೇ ಉದ್ದದ ತಾಮ್ರ ಒಂದು ಓಮ್‌ನ ನೂರನೇ ಒಂದು ಭಾಗದ ಆಸುಪಾಸು. ಅದು ಕಾಯಿಲ್ ಅಲ್ಲ, ನೇರ ಶಾರ್ಟ್. ಮೇಲಿನ ಎನಾಮೆಲ್ ಸುಟ್ಟ ಹೊಗೆ ಬಾಯಿಗೆ ಹೋಗುವುದು ಬೇರೆ. ಕಟ್ಟಡದ ಕೆಲಸದ ಜಿಐ ತಂತಿಗೆ ಸತುವಿನ ಲೇಪ ಇರುತ್ತದೆ, ಕಾದರೆ ಅದೂ ಹೊಗೆಯಾಗುತ್ತದೆ. ನಿಕಲ್, ಟೈಟಾನಿಯಂ ತಂತಿಗಳು ಉಷ್ಣತೆ ನಿಯಂತ್ರಿಸುವ ಸರ್ಕ್ಯೂಟ್ ಇದ್ದರೆ ಮಾತ್ರ, ಬರೀ ಕೊಳವೆಗೆ ಅಲ್ಲ. ಇಷ್ಟೆಲ್ಲ ಗೊತ್ತಿದ್ದರೆ ಸುತ್ತಬಹುದಾ ಅಂತ ಆ ಹುಡುಗ ಕೇಳಿದ. ಬೇಡ ಅಂದೆ. ಲೆಕ್ಕ ನನಗೂ ಬರುತ್ತಿತ್ತು. ಅಂಗಡಿಯಿಂದ ಬಂದ ತಂತಿ ಯಾವುದು, ಪ್ಯಾಕಿನಿಂದ ಕಿತ್ತ ಸೆಲ್ ಎಷ್ಟು ಸವೆದಿದೆ, ಇದು ಗೊತ್ತಿಲ್ಲದೆ ಲೆಕ್ಕ ಏನು ಮಾಡುತ್ತದೆ?

ಒಂದು ವೇಳೆ ಕೊಳವೆ ತಾನಾಗಿ ಕಾಯಲು ಶುರುವಾದರೆ ಬಿಚ್ಚಲು ಹೋಗಬೇಡಿ, ಜೇಬಿಗೆ ಹಾಕಬೇಡಿ. ಬಿಟ್ಟು ದೂರ ಹೋಗಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ. ಸಿಗರೇಟು ಬಿಡಬೇಕು ಅಂತಿದ್ದರೆ ಪ್ಯಾಕಿನ ಮೇಲೆಯೇ 1800-11-2356 ಅಂತ ನಂಬರ್ ಅಚ್ಚಾಗಿದೆ, ಕರೆಗೆ ದುಡ್ಡಿಲ್ಲ. ನಾನು ಕೈಗೆ ಬ್ಯಾಂಡೇಜ್ ಇದ್ದಾಗ ಮಾಡಿದೆ. ಅದನ್ನೇ ಮೊದಲು ಮಾಡಬಹುದಿತ್ತು.

ಕೈ ವಾಸಿಯಾದ ಮೇಲೆ ಉಳಿದ ತಂತಿ ಹಿಡಿದುಕೊಂಡು ವೈಂಡಿಂಗ್ ಅಂಗಡಿಗೆ ಹೋದೆ. ನಿಜ ಹೇಳಿದೆ. ಆ ಹಿರಿಯರು ಮಾತಾಡದೆ ಮೈಕ್ರೋಮೀಟರ್ ತೆಗೆದು ತಂತಿ ಅಳೆದರು. 0.37 ತೋರಿಸಿದರು. ಸ್ಪೀಕರಿನ ಅಯಸ್ಕಾಂತ ತಾಗಿಸಿದರು, ಅಂಟಲಿಲ್ಲ. "ಬಾಯಿಗೆ ಇಟ್ಕೊಳ್ಳೋದಕ್ಕೆ ಅಂತ ಹೇಳಿದ್ರೆ ಒಂದು ಗೇಣೂ ಕೊಡ್ತಿರ್ಲಿಲ್ಲ ಕಣಪ್ಪ," ಅಂದರು. ಅವರ ದನಿ ನಡುಗುತ್ತಿತ್ತು. ನನ್ನ ಸುಳ್ಳಿಗೆ ಅವರು ಯಾಕೆ ನೊಂದುಕೊಳ್ಳಬೇಕು?

ಇದನ್ನೆಲ್ಲ ಕೇಳಿದ ಮೇಲೆ ಆ ಹುಡುಗ ಮನೆಗೆ ಹೋಗಿ ತನ್ನ ಕೊಳವೆ ತಂದ. ಅಂಗಳದ ಸಿಮೆಂಟ್ ನೆಲದ ಮೇಲೆ ಇಟ್ಟು, ತಳ ಬಿಚ್ಚಿ, ಸೆಲ್ಲನ್ನು ಹೊರಕ್ಕೆ ಜಾರಿಸಿದೆ. ನೀಲಿ ಹೊದಿಕೆ. ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದೆ. ಮೇಲಂಚಿನಲ್ಲಿ, ನನ್ನದು ಹರಿದಿದ್ದ ಜಾಗದಲ್ಲೇ, ಹೊದಿಕೆ ಸವೆದು ತಗಡು ಹೊಳೆಯುತ್ತಿತ್ತು. ಅವನ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದೆ.