ಟೊಮೆಟೊ ಕಾಯಿಯಿಂದ ಹಣ್ಣಿನವರೆಗೆ: ಎಚ್‌ಎಸ್‌ಎಲ್, ಲ್ಯಾಬ್, ಓಕೆಎಲ್‌ಸಿಎಚ್ ಮೂರರಲ್ಲೂ ಮಾಡಿ ನೋಡಿದೆ

ಕೋಲಾರದ ಎಪಿಎಂಸಿಯಿಂದ ದೂರದ ಊರಿಗೆ ಹೋಗುವ ಟೊಮೆಟೊ ದೋರೆಗಾಯಿ ಇರಬೇಕು, ಹತ್ತಿರಕ್ಕಾದರೆ ಹಣ್ಣೇ ಆಗುತ್ತದೆ. ವ್ಯಾಪಾರ ಫೋನಿನಲ್ಲೇ ನಡೆಯುವಾಗ ಮಾತು ಕೆಡುವುದು 'ಎಷ್ಟು ಕೆಂಪು' ಅನ್ನೋದರಲ್ಲಿ. ಪರಿಚಯದ ಮಂಡಿಯವರೊಬ್ಬರಿಗೆ ಮೊಬೈಲಲ್ಲಿ ತೋರಿಸಲು ಆರು ಚೌಕದ ಬಣ್ಣದ ಪಟ್ಟಿ ಮಾಡಿಕೊಟ್ಟೆ. ಆರು ಯಾಕೆಂದರೆ, ಅಮೆರಿಕದ ಕೃಷಿ ಇಲಾಖೆ ಟೊಮೆಟೊ ಮಾಗುವುದನ್ನು ಆರು ಹಂತವಾಗಿ ವಿಂಗಡಿಸಿದೆ. ಎರಡನೇ ಹಂತದಲ್ಲಿ ಬಣ್ಣ ತಿರುಗಿದ ಭಾಗ ಶೇ 10 ದಾಟಿರುವುದಿಲ್ಲ, ಆರನೆಯದರಲ್ಲಿ ಶೇ 90 ದಾಟಿರುತ್ತದೆ.

ಎರಡು ತುದಿಯ ಬಣ್ಣ ನಾನೇ ಆರಿಸಿಕೊಂಡೆ. ಕಾಯಿಗೆ ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಅಂಕಿ, ತಲಾ 0ಯಿಂದ 255) 125, 163, 60. ಹಣ್ಣಿಗೆ 200, 40, 30. ಮಧ್ಯದ ನಾಲ್ಕನ್ನು ಲೆಕ್ಕ ಹಾಕಿ ತೆಗೆಯಬೇಕು. ಎಚ್‌ಎಸ್‌ಎಲ್, ಲ್ಯಾಬ್, ಓಕೆಎಲ್‌ಸಿಎಚ್ ಅಂದರೆ ಬಣ್ಣವನ್ನು ಅಂಕಿಯಲ್ಲಿ ಬರೆಯುವ ಬೇರೆ ಬೇರೆ ಪದ್ಧತಿಗಳು, ಒಂದೊಂದರಲ್ಲೂ ನಡುವಿನ ಬಣ್ಣ ಬೇರೆ ಬರುತ್ತದೆ. ಯಾವ ಲೆಕ್ಕ ಒಳ್ಳೇದು ಅಂತ ತಿಳಿಯಲು ಸರಿಯಾಗಿ ನಡುವೆ ಬೀಳುವ ಬಣ್ಣವನ್ನು ನೋಡಿದರೆ ಸಾಕು, ತಪ್ಪೆಲ್ಲ ಅಲ್ಲೇ ಕಾಣುತ್ತದೆ.

ನೇರ ಆರ್‌ಜಿಬಿ ಸರಾಸರಿ ತೆಗೆದರೆ 163, 102, 45 ಬರುತ್ತದೆ. ಬೆಲ್ಲದ ಕಂದು. "ಏನಪ್ಪಾ, ಇದು ಕೊಳೆತ ಹಣ್ಣಾ?" ಅಂದರು ಮಂಡಿಯವರು. ಅದನ್ನು ಅಲ್ಲಿಗೇ ಬಿಟ್ಟೆ.

ಬಣ್ಣವನ್ನು ಬಣ್ಣದ ಕೋನ, ತೀವ್ರತೆ, ಹೊಳಪು ('ಎಲ್') ಅಂತ ಬರೆಯುವ ಎಚ್‌ಎಸ್‌ಎಲ್ 1978ರಿಂದ ಇದೆ, ಬಣ್ಣ ಆರಿಸುವ ಸಾಫ್ಟ್‌ವೇರ್‌ಗಳಲ್ಲಿ ತುಂಬಾ ಕಡೆ ಸಿಗುತ್ತದೆ. ಇದರಲ್ಲಿ ನಡುವಿನ ಬಣ್ಣ 181, 142, 45. ಸಾಸಿವೆ ಹಳದಿ, ನೋಡೋಕೆ ಚೆನ್ನಾಗಿದೆ. ಆದರೆ ಇದರ 'ಎಲ್' ಅನ್ನು ಸುಮ್ನೆ ನಂಬಬಾರದು. ಕಾಯಿಗೆ 44, ಹಣ್ಣಿಗೆ 45 ಅನ್ನುತ್ತದೆ, ಅಂದರೆ ಎರಡೂ ಒಂದೇ ಹೊಳಪು. ಕಣ್ಣಿಗೆ ಹಾಗೆ ಕಾಣುವುದೇ ಇಲ್ಲ, ಅಲ್ವಾ? ಅದೇ ಬಣ್ಣಗಳ ಹೊಳಪನ್ನು ಲ್ಯಾಬ್‌ನಲ್ಲಿ ಅಳೆದರೆ ಕಾಯಿ 62, ಹಣ್ಣು 44. ನಡುವಿನ ಸಾಸಿವೆ ಹಳದಿ 61. ಅಂದರೆ ಮೊದಲರ್ಧ ಮುಗಿಯುವಾಗಲೂ ಹೊಳಪು ಹೆಚ್ಚುಕಡಿಮೆ ಶುರುವಿನಷ್ಟೇ ಇರುತ್ತದೆ, ದೊಡ್ಡ ಇಳಿಕೆ ಎರಡನೇ ಅರ್ಧದಲ್ಲಿ. ಪಟ್ಟಿಯಲ್ಲಿ ಮೊದಲ ಚೌಕಗಳು ಒಂದಕ್ಕೊಂದು ಅಂಟಿಕೊಂಡಂತೆ, ಕೊನೆಯವು ಧಡಕ್ಕನೆ ಕಪ್ಪಾದಂತೆ ಕಂಡಿದ್ದು ಇದರಿಂದ. ಎಚ್‌ಎಸ್‌ಎಲ್‌ನ 'ಎಲ್' ಪರದೆಯ ಮೂರು ಅಂಕಿಗಳಲ್ಲಿ ದೊಡ್ಡದು, ಚಿಕ್ಕದು ಮಾತ್ರ ನೋಡುತ್ತದೆ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಹೊಳೆಯುತ್ತದೆ, ನೀಲಿ ಕಡಿಮೆ ಅನ್ನೋದು ಅದಕ್ಕೆ ಬೇಕಿಲ್ಲ.

ಲ್ಯಾಬ್ 1976ರದ್ದು, ಕಣ್ಣು ನೋಡುವ ರೀತಿಗೆ ಹತ್ತಿರ ಇರಲಿ ಅಂತಲೇ ಮಾಡಿದ್ದು. ಟೊಮೆಟೊ ವಿಷಯದಲ್ಲಿ ಇದು ನನಗೆ ತುಂಬಾ ಇಷ್ಟವಾಯಿತು. ಇದರಲ್ಲಿ ಹೊಳಪಿನ ಜೊತೆ 'ಎ' (ಹಸಿರಿಂದ ಕೆಂಪಿಗೆ), 'ಬಿ' (ನೀಲಿಯಿಂದ ಹಳದಿಗೆ) ಅಂತ ಎರಡು ಅಂಕಿ ಇವೆ. ಕಾಯಿಯ 'ಎ' ಸುಮಾರು ಮೈನಸ್ 29, ಹಣ್ಣಿನದು ಪ್ಲಸ್ 61. 'ಬಿ' ನೋಡಿ: 48, 46. ಕದಲಿಯೇ ಇಲ್ಲ! ಹಸಿರು ಹೋಗಿ ಕೆಂಪು ಬರುವ ಕಥೆಯೆಲ್ಲ 'ಎ' ಒಂದರಲ್ಲೇ ಇದೆ. ಟೊಮೆಟೊ ಮಾಗಿದ್ದನ್ನು ಉಪಕರಣದಿಂದ ಅಳೆಯುವವರು 'ಎ'ಯನ್ನು 'ಬಿ'ಯಿಂದ ಭಾಗಿಸಿ ನೋಡುವುದು ಇದಕ್ಕೇ. ಅಳತೆಗೆ ಲ್ಯಾಬ್ ಬಿಟ್ಟು ಬೇರೆಯದರ ಹತ್ತಿರ ನಾನು ಹೋಗುವುದಿಲ್ಲ. ಆದರೆ ಮಧ್ಯದ ಬಣ್ಣ ಹುಟ್ಟಿಸಲು ನೇರ ಗೆರೆ ಎಳೆದರೆ ಇಲ್ಲೂ 172, 115, 43. ಹೊಳಪು 53ಕ್ಕೆ ಸಮವಾಗಿ ಇಳಿಯುತ್ತದೆ ನಿಜ, ಬಣ್ಣ ಮಾತ್ರ ಮಂಕು. ಒಂದು ಎಚ್ಚರಿಕೆ: ಲ್ಯಾಬ್‌ನ ಲೆಕ್ಕಕ್ಕೆ ಯಾವುದನ್ನು ಬಿಳಿ ಅಂತ ಹಿಡಿಯುತ್ತೀರಿ ಅನ್ನೋದು ಮುಖ್ಯ, ಇಲ್ಲಿನ ಲೆಕ್ಕ ಡಿ65 ಎಂಬ ಹಗಲು ಬೆಳಕಿನ ಬಿಳಿಯಲ್ಲಿ ಮಾಡಿದ್ದು. ಫೋಟೊಶಾಪ್, ಸಿಎಸ್‌ಎಸ್ (ವೆಬ್ ಪುಟಕ್ಕೆ ಬಣ್ಣ, ರೂಪ ಕೊಡುವ ಭಾಷೆ) ಎರಡೂ ಲ್ಯಾಬ್‌ಗೆ ಡಿ50 ಬಿಳಿ ಬಳಸುತ್ತವೆ. ಅಂಕಿ ತಾಳೆಯಾಗದಿದ್ದರೆ ಮೊದಲು ಅದನ್ನು ನೋಡಿ.

ಲ್ಯಾಬ್ ತರಹದ್ದೇ ಹೊಸ ಪದ್ಧತಿಯಾದ ಓಕೆಲ್ಯಾಬ್ ಅನ್ನು ಬ್ಯೋರ್ನ್ ಒಟ್ಟೊಸನ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಲ್ಯಾಬ್‌ನಲ್ಲಿ ನೀಲಿಯನ್ನು ತಿಳಿಮಾಡಿದರೆ ನೇರಳೆಗೆ ತಿರುಗುವ ತೊಂದರೆ ಇದರಲ್ಲಿ ಬಹಳ ಕಡಿಮೆ. ಇದನ್ನೇ ಹೊಳಪು, ಗಾಢತೆ, ಬಣ್ಣದ ಕೋನ ಅಂತ ಬರೆದರೆ ಓಕೆಎಲ್‌ಸಿಎಚ್. ಕಾಯಿಯ ಕೋನ 127 ಡಿಗ್ರಿ, ಹಣ್ಣಿನದು 29, ನಡುವೆ 78. ಕೋನದ ಮೇಲೆ ಸುತ್ತಿ ಹೋಗುವುದರಿಂದ ಮಂಕು ಬರುವುದಿಲ್ಲ, ಹೊಳಪೂ ಸಮವಾಗಿ ಇಳಿಯುತ್ತದೆ. ನನ್ನ ಪಟ್ಟಿಗೆ ಬೇಕಾಗಿದ್ದು ಇದೇ.

ತೊಡಕು ಇರುವುದು ವಾಪಸ್ ಆರ್‌ಜಿಬಿಗೆ ಬರುವಾಗ. ನಡುವಿನ ಬಣ್ಣಕ್ಕೆ ಗಾಢತೆ 0.167 ಬಂತು. ಆ ಹೊಳಪಿನಲ್ಲಿ, ಆ ಕೋನದಲ್ಲಿ ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ಪರದೆ ತೋರಿಸಬಲ್ಲದ್ದು ಸುಮಾರು 0.125 ಅಷ್ಟೇ. ನೀಲಿಯ ಅಂಕಿ ಸೊನ್ನೆಗಿಂತ ಕೆಳಗೆ ಹೋಯಿತು. ಅದನ್ನು ಹಾಗೇ ಸೊನ್ನೆ ಮಾಡಿಬಿಟ್ಟರೆ 183, 112, 0 ಸಿಗುತ್ತದೆ. ಆದರೆ ಕೋನ 78ರಿಂದ 67ಕ್ಕೆ ಜಾರಿ ಕಿತ್ತಳೆಯ ಕಡೆ ವಾಲುತ್ತದೆ. ಅಂದರೆ ಹಣ್ಣು ಇರುವುದಕ್ಕಿಂತ ಜಾಸ್ತಿ ಮಾಗಿದಂತೆ ತೋರುತ್ತದೆ, ಈ ಪಟ್ಟಿಗೆ ಅದು ಆಗಬಾರದು. ಅದರ ಬದಲು ಗಾಢತೆಯನ್ನಷ್ಟೇ ಇಳಿಸಿ ಕೋನ ಉಳಿಸಿಕೊಂಡರೆ 169, 118, 3. ನಾನು ಹಿಡಿದದ್ದು ಈ ದಾರಿ. ಕ್ಯುಲೊರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಇದಕ್ಕೆ 'ಕ್ಲ್ಯಾಂಪ್ ಕ್ರೋಮಾ' ಅನ್ನೋ ಫಂಕ್ಷನ್ ಸಿದ್ಧವಾಗಿಯೇ ಸಿಗುತ್ತದೆ.

ನಿಜವಾದ ಹಣ್ಣು ಹೀಗೆ ಮೈಪೂರ್ತಿ ಒಂದೇ ಬಣ್ಣಕ್ಕೆ ತಿರುಗುವುದಿಲ್ಲ, ತುದಿಯಿಂದ ಪಟ್ಟೆಪಟ್ಟೆಯಾಗಿ ಕೆಂಪಾಗುತ್ತದೆ. ಹಾಗಾಗಿ ಪ್ರತಿ ಚೌಕದ ಪಕ್ಕ ಆ ಹಂತದ ಒಂದು ಫೋಟೊ ಕೂಡ ಇಟ್ಟೆ.

ವೆಬ್ ಪುಟದಲ್ಲಿ ಹಾಕುವವರು ಆರ್‌ಜಿಬಿ ಸಾಲನ್ನು ಮೊದಲು ಬರೆದು, ಅದರ ಕೆಳಗೆ ಓಕೆಎಲ್‌ಸಿಎಚ್ ಸಾಲು ಬರೆಯಿರಿ. ಕ್ರೋಮ್‌ಗೆ ಇದು ಅರ್ಥವಾಗತೊಡಗಿದ್ದು 2023ರ ಮಾರ್ಚ್‌ನಲ್ಲಿ ಬಂದ 111ನೇ ಆವೃತ್ತಿಯಿಂದ. ಹಳೇ ಫೋನು ಎರಡನೇ ಸಾಲನ್ನು ಬಿಟ್ಟು ಮೊದಲನೆಯದನ್ನು ತೋರಿಸುತ್ತದೆ. ನೋಡುವವರ ಫೋನಿನಲ್ಲಿ ಡಿಸ್‌ಪ್ಲೇ 'ವಿವಿಡ್' ಮೋಡ್‌ನಲ್ಲಿದ್ದರೆ 'ನ್ಯಾಚುರಲ್'ಗೆ ಬದಲಿಸಲು ಹೇಳಿ. ಇಲ್ಲದಿದ್ದರೆ ದೋರೆಗಾಯಿಯೂ ಹಣ್ಣಿನಂತೆ ಕಾಣುತ್ತದೆ.